ಕಲಬುರಗಿ ಬಿಸಿಲಿಗೂ ಬಾಡದ ಹೂಗಿಡಗಳು

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ನಮ್ಮಲ್ಲಿ ಮಾಮೂಲು. ನೀರು ಕಡಿಮೆ ಅಂತ ಅಂಗಳ ಖಾಲಿ ಬಿಡಬೇಡಿ. ಕಾಗದದ ಹೂ, ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ, ಅಡೇನಿಯಂ (ದಪ್ಪ ಬುಡದ ಮರುಭೂಮಿ ಗುಲಾಬಿ) ಇವೆಲ್ಲ ವರ್ಷಗಟ್ಟಲೆ ಬಾಳುತ್ತವೆ. ಕಣಗಿಲೆ ವಿಷ, ಮಕ್ಕಳು, ದನಕರು ಓಡಾಡೋ ಕಡೆ ಬೇಡವೇ ಬೇಡ.

ಇಂಥ ಗಿಡಗಳು ಬರಕ್ಕಿಂತ ಮಳೆಗಾಲದಲ್ಲೇ ಜಾಸ್ತಿ ಸಾಯುತ್ತವೆ, ಗೊತ್ತಾ? ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಂದರೆ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸಿಬಿಡುತ್ತದೆ. ಹಾಗಾಗಿ ಗುಂಡಿಯಲ್ಲಿ ನೆಡಬೇಡಿ. ಮೊರಂ (ಗರಸು ಮಣ್ಣು), ಗೊಬ್ಬರ, ಮಣ್ಣು ಕಲಸಿ ಒಂದು ಅಡಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ನೆಡಿ. ಬೀದರ್ ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ಅಲ್ಲಿ ಈ ಕಷ್ಟ ಕಡಿಮೆ.

ನೆಡೋಕೆ ಜೂನ್, ಜುಲೈ ಒಳ್ಳೆಯದು, ಬೇಸಿಗೆ ಬರೋ ಹೊತ್ತಿಗೆ ಬೇರು ಆಳಕ್ಕೆ ಹೋಗಿರುತ್ತದೆ.

ಬರ ತಡೆಯುವ ಗಿಡ ಅಂದರೆ ಮೊದಲ ದಿನದಿಂದಲೇ ನೀರು ಬೇಡ ಅಂತಲ್ಲ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಸಂಜೆ ಹೊತ್ತು, ಮಣ್ಣು ಆಳದವರೆಗೆ ನೆನೆಯುವಂತೆ ಹಾಕಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಗಿಡ ಬಿಸಿಲಿಗೆ ಸೋಲುತ್ತದೆ. ಬುಡದ ಸುತ್ತ ಮೂರು ಇಂಚು ತೊಗರಿ ಹೊಟ್ಟು ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಶಹಾಬಾದ್ ಕಲ್ಲಿನ ಅಂಗಳದ ಪಕ್ಕ ಕಾವು ಜಾಸ್ತಿ, ಅಲ್ಲಿಗೆ ಅಡೇನಿಯಂ ಸರಿ.

ಕಾಗದದ ಹೂ ಬೇರೂರಿದ ಮೇಲೆ ನೀರು ಕಡಿಮೆ ಮಾಡಿ ನೋಡಿ, ಎಲೆಗಿಂತ ಹೂವೇ ಹೆಚ್ಚು ಬಿಡುತ್ತದೆ.