ಅಮೈನೋ ಆಮ್ಲ ಪರೀಕ್ಷೆ: ಗಂಡಸಿಗೊಂದು ಲೆಕ್ಕ, ಹೆಂಗಸಿಗೊಂದು ಲೆಕ್ಕ

ಗಂಡ ಹೆಂಡತಿ ರಾತ್ರಿ ಒಂದೇ ಅನ್ನ-ಸಾರು ಉಂಡು ಬಂದರೂ ಇಬ್ಬರ ರಿಪೋರ್ಟ್ ಒಂದೇ ಥರ ಬರುವುದಿಲ್ಲ. ಅಮೈನೋ ಆಮ್ಲಗಳೆಂದರೆ ಪ್ರೋಟೀನಿನ ಬಿಡಿಭಾಗಗಳು; ಆರೋಗ್ಯವಂತ ಗಂಡಸರ ರಕ್ತದಲ್ಲಿ ಅವುಗಳ ಪೈಕಿ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಸಾಮಾನ್ಯವಾಗಿ ಜಾಸ್ತಿ. ಹೆಂಗಸರಲ್ಲಿ ಗ್ಲೈಸಿನ್ ಜಾಸ್ತಿ. ಸ್ನಾಯು, ಹಾರ್ಮೋನು ಎರಡರದೂ ಇದರಲ್ಲಿ ಪಾಲಿದೆ. ವ್ಯತ್ಯಾಸ ದೊಡ್ಡದೇನಲ್ಲ, ಸ್ಯಾಂಪಲ್ ಕೆಟ್ಟರೆ ಕಾಣುವುದೇ ಇಲ್ಲ.

ರಕ್ತ ಕೊಡುವವರಿಗೆ ರಾತ್ರಿ ಊಟದ ಮೇಲೆ 10ರಿಂದ 12 ಗಂಟೆ ನೀರು ಬಿಟ್ಟು ಬೇರೇನೂ ಬೇಡ. ನಮ್ಮ ಕಡೆ ಕಾಫಿ, ಕವಳ (ಎಲೆ ಅಡಿಕೆ) ಎರಡನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿಡಿಸಿ ಕೇಳಿ. ಹೆಂಗಸರಾದರೆ ಕೊನೆಯ ಮುಟ್ಟಿನ ತಾರೀಕು, ಬಸಿರು, ಗರ್ಭನಿರೋಧಕ ಮಾತ್ರೆ ಇವನ್ನು ಫಾರಂನಲ್ಲಿ ಬರೆಯಿರಿ. ಮುಟ್ಟಿಗೆ ಮುಂಚಿನ ಎರಡು ವಾರ ಹಲವು ಅಮೈನೋ ಆಮ್ಲಗಳು ಇಳಿಯುತ್ತವೆ, ಬಸಿರಿನಲ್ಲೂ ಅಷ್ಟೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಿದರೆ ಕೆಂಪು ಕಣ ಒಡೆದು, ಒಳಗಿನ ಆರ್ಜಿನೇಸ್ ಎಂಬ ಕಿಣ್ವ ಹೊರಬಂದು ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಆರ್ನಿಥಿನ್ ಎಂಬ ಇನ್ನೊಂದಾಗಿ ಮಾಡಿಬಿಡುತ್ತದೆ. ಟ್ಯೂಬನ್ನು ಐಸ್ ನೀರಿನಲ್ಲಿಟ್ಟು, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಗಿರ್ರನೆ ತಿರುಗಿಸಿ). ಮೇಲೆ ನಿಲ್ಲುವ ತಿಳಿ, ಅಂದರೆ ಪ್ಲಾಸ್ಮಾ ಎಳೆಯುವಾಗ ಆಸೆ ಬೇಡ: ಅದರ ಕೆಳಗಿನ ಬಿಳಿ ರಕ್ತಕಣಗಳ ಪದರದ ಮೇಲೆ ಅರ್ಧ ಸೆಂ.ಮೀ. ಬಿಟ್ಟುಬಿಡಿ. ಆ ಪದರ ಸೇರಿದರೆ ಟಾರಿನ್, ಗ್ಲುಟಮೇಟ್‌ಗಳ ಲೆಕ್ಕ ಸುಮ್ಮನೆ ಏರುತ್ತದೆ.

ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಶಿವಮೊಗ್ಗಕ್ಕೆ ಇಡೀ ರಕ್ತವನ್ನು ಬಸ್ಸಿಗೆ ಹಾಕಬೇಡಿ. ಅಲ್ಲೇ ಪ್ಲಾಸ್ಮಾ ಬೇರ್ಪಡಿಸಿ, ಫ್ರೀಜರಿನಲ್ಲಿಟ್ಟು ಗಟ್ಟಿಮಾಡಿ, ಕರಗದಂತೆ ಥರ್ಮೋಕೋಲ್ ಡಬ್ಬಿಯಲ್ಲಿ ಕಳಿಸಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗಿ ಬಂತೋ ಗೊತ್ತಾಗುವುದಿಲ್ಲ. ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯ ಇಡಿ. ಬೆಳಗ್ಗೆ ನಾಣ್ಯ ತಳದಲ್ಲಿದ್ದರೆ ಪ್ಲಾಸ್ಮಾವೂ ಕರಗಿತ್ತೆಂದೇ ಲೆಕ್ಕ. ಹೊಸದಾಗಿ ರಕ್ತ ತೆಗೆಯಿರಿ.

ರಿಪೋರ್ಟ್ ಬಂದಾಗ ಮೊದಲು ಅಳತೆಯ ಮಾನ ನೋಡಿ. ಗ್ಲೈಸಿನ್ ಡೆಸಿಲೀಟರಿಗೆ 2.25 ಮಿ.ಗ್ರಾಂ. ಅಂದರೂ ಲೀಟರಿಗೆ 300 ಮೈಕ್ರೋಮೋಲ್ ಅಂದರೂ ಒಂದೇ. ಗ್ಲುಟಮಿನ್ ಇಳಿದು ಗ್ಲುಟಮೇಟ್ ಏರಿದ್ದರೆ ರೋಗಿಗಿಂತ ಮೊದಲು ಸ್ಯಾಂಪಲ್ ಮೇಲೆ ಅನುಮಾನಪಡಿ. ಗಂಡು-ಹೆಣ್ಣಿಗೆ ಸೇರಿಸಿ ಒಂದೇ ಮಿತಿ ಕೊಟ್ಟಿದ್ದರೆ, ಹೆಂಗಸಿನ ಗ್ಲೈಸಿನ್ ಅಥವಾ ಗಂಡಸಿನ ವ್ಯಾಲಿನ್ ಮೇಲಂಚಿನ ಹತ್ತಿರ ಇದ್ದ ಮಾತ್ರಕ್ಕೆ ಗಾಬರಿ ಬೇಡ. ಅದೇ ವ್ಯಾಲಿನ್ ಹೆಂಗಸಿನಲ್ಲಿ ಅಷ್ಟು ಮೇಲಿದ್ದರೆ ಬೆಳಗ್ಗೆ ಏನಾದರೂ ತಿಂದಿದ್ದರೇ ಎಂದು ಇನ್ನೊಮ್ಮೆ ಕೇಳಿ. ಇಲ್ಲವೆಂದರೆ ಸಕ್ಕರೆ ಪರೀಕ್ಷೆಯನ್ನೂ ನೋಡುವಂತೆ ವೈದ್ಯರಿಗೆ ಹೇಳಿ.