ಬೆಲ್ಟಿನ ಅಂಚಿಗೆ ಸಮ ಅಚ್ಚು: ಎಲಾಸ್ಟಿಕ್ ಹಿಡಿದು ಗೆದ್ದ ನನ್ನ ಅನುಭವ

ತೊಗಲಿನ ಬೆಲ್ಟಿನ ಅಂಚಿಗೆ ಸಾಲಾಗಿ ಹೂವಿನ ಅಚ್ಚು ಹೊಡೆಯುತ್ತಾ ಕೊನೆಗೆ ಬಂದಾಗ ಅರ್ಧ ಹೂವಿನ ಜಾಗ ಉಳಿದರೆ ಕೆಲಸ ಕೆಟ್ಟಂತೆಯೇ, ಅಲ್ವಾ? ಕೊಪ್ಪಳದಲ್ಲಿ ಕೂತು ಆರು ವರ್ಷ ಈ ಅರ್ಧ ಹೂವಿನ ಜೊತೆ ಗುದ್ದಾಡಿದ್ದೇನೆ. ಈಗ ಅದು ಬರುವುದಿಲ್ಲ.

ಮೊದಲು ಕೈವಾರದಲ್ಲೇ ಗುರುತು ಹಾಕುತ್ತಿದ್ದೆ. ಪರ್ಸಿಗೆ ಅದು ಸಾಕು. 36 ಇಂಚಿನ ಪಟ್ಟಿಗೆ 130 ಸಲ ಕಾಲು ಊರಬೇಕು, ಪ್ರತಿ ಸಲ ಕೂದಲೆಳೆಯಷ್ಟು ಜಾರಿದರೂ ಕೊನೆಗೆ 4-5 ಮಿಲಿಮೀಟರ್ ಹೆಚ್ಚುಕಮ್ಮಿ. ಆಮೇಲೆ ಡಿಟಿಪಿ ಅಂಗಡಿಯಲ್ಲಿ ಅಳತೆಪಟ್ಟಿ ಪ್ರಿಂಟ್ ಹಾಕಿಸಿದೆ. ಕಾಗದಕ್ಕೆ ಹೊಂದಲಿ ಅಂತ ಪ್ರಿಂಟರ್ ಅದನ್ನು ಕುಗ್ಗಿಸಿತ್ತು. ಅಳೆದು ನೋಡದೆ ಹೊಡೆದೆ. ಎರಡು ಬೆಲ್ಟ್ ಹೋದವು, ಸುಮಾರು 1,100 ರೂಪಾಯಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಪರಿಚಯದವರಿಗೆ ಬೆಲ್ಟ್ ಕೊಡಲು ಹೋಗಿದ್ದೆ. ಮೇಜಿನ ಮೇಲೆ ಎಲಾಸ್ಟಿಕ್ ಬಿದ್ದಿತ್ತು, ಯಾರೋ ಪೆನ್ನಿನಲ್ಲಿ ಗೆರೆ ಹಾಕಿದ್ದರು. ಸುಮ್ನೆ ಎಳೆದೆ. ಗೆರೆಗಳೆಲ್ಲ ಒಂದೇ ಸಮ ದೂರ ಸರಿದವು! ಎರಡು ಮೀಟರ್ ತಂದೆ, ಮೂವತ್ತು ರೂಪಾಯಿ ಇರಬೇಕು. "ಚಡ್ಡಿ ಎಲಾಸ್ಟಿಕ್ ತೊಗಲಿಗೆ ಲೆಕ್ಕ ಹೇಳುತ್ತಾ?" ಅಂತ ಜೊತೆಯವರು ಕೇಳಿದರು. ಹೇಳುತ್ತದೆ.

ನನ್ನ ಅಚ್ಚು 7 ಮಿಲಿಮೀಟರ್. ಎಲಾಸ್ಟಿಕ್ ಮೇಲೆ 6 ಮಿಲಿಮೀಟರಿಗೊಂದು ಗೆರೆ, ಒಟ್ಟು 132. ಇನ್ನೂ ಐದು ಇಂಚಿನಷ್ಟು ಹಿಗ್ಗುವಂತೆ ಎಳೆದರೆ ಗೆರೆಗಳ ನಡುವೆ ಸುಮಾರು 7 ಮಿಲಿಮೀಟರ್ ಆಗಿ, ಮೊದಲ ಗೆರೆ ಬೆಲ್ಟಿನ ಈ ತುದಿಗೆ, ಕೊನೆಯದು ಆ ತುದಿಗೆ. ನಡುವಿನದ್ದೆಲ್ಲ ತಾನೇ ಸಮ. ಹೊಸ, ಚಪ್ಪಟೆ ಎಲಾಸ್ಟಿಕ್ ಬೇಕು. ಎರಡೂ ಕಡೆ ಎರಡೆರಡು ಇಂಚು ಜಾಸ್ತಿ ಬಿಡಿ, ಕ್ಲಿಪ್ ಹಿಡಿದ ಹತ್ತಿರ ಹಿಗ್ಗು ಸರಿ ಇರುವುದಿಲ್ಲ. ಅಚ್ಚು ಇಳಿಯಲೆಂದು ಒದ್ದೆ ಮಾಡಿದ ತೊಗಲಿಗೆ ಎಲಾಸ್ಟಿಕ್ ಅಂಟಿಕೊಂಡು ನಡುವೆ ಸುಳ್ಳು ಹೇಳುತ್ತದೆ, ಅದಕ್ಕೆ ಒಮ್ಮೆ ಎತ್ತಿ ಬಿಟ್ಟು ಆಮೇಲೆ ದಬ್ಬಳದ ತುದಿಯಿಂದ ಚುಕ್ಕಿ ಇಡುತ್ತೇನೆ.

ದೊಡ್ಡ ನಷ್ಟ ಪಿನ್ನಿನಿಂದ ಆಯಿತು. ಮೂರು ಬೆಲ್ಟಿಗೆ ಎಲಾಸ್ಟಿಕ್ಕನ್ನು ಕಬ್ಬಿಣದ ಪಿನ್ನಿನಿಂದ ಚುಚ್ಚಿ ಊಟಕ್ಕೆ ಹೋದೆ, ಬಂದು ನೋಡಿದರೆ ಪಿನ್ನಿದ್ದಲ್ಲೆಲ್ಲ ಕಪ್ಪು ಕಲೆ. ಮರದ ತೊಗಟೆಯಲ್ಲಿ ಹದ ಮಾಡಿದ ತೊಗಲಿನಲ್ಲಿರುವ ಟ್ಯಾನಿನ್ನಿಗೆ, ಅಂದರೆ ತೊಗಟೆಯ ಒಗರು ಸತ್ವಕ್ಕೆ, ಒದ್ದೆಯಲ್ಲಿ ಕಬ್ಬಿಣ ಸೇರಿದರೆ ಹಾಗೇ ಆಗುತ್ತದೆ, ಅಂದು ಮರೆತಿದ್ದೆ. 1,800 ರೂಪಾಯಿ ನೀರಿಗೆ ಬಿತ್ತು. ಈಗ ಹಿತ್ತಾಳೆ ಪಿನ್ ಮಾತ್ರ.

ಗುರುತು ಸರಿ ಇದ್ದರೂ ಹೊಡೆಯುವಾಗ ತೊಗಲು ಹಿಗ್ಗುತ್ತದೆ. ಹಿಂಬದಿಗೆ ಅಗಲ ಪ್ಯಾಕಿಂಗ್ ಟೇಪ್ ಅಂಟಿಸಿ, ಕುಷ್ಟಗಿ ಗ್ರಾನೈಟ್ ತುಂಡಿನ ಮೇಲೆ ಮೊದಲು ಎಲ್ಲ ಅಚ್ಚನ್ನೂ ಹಗುರ ಇಳಿಸುತ್ತೇನೆ, ಎರಡನೇ ಸುತ್ತಿಗೆ ಆಳ. ನಮ್ಮ ಬೇಸಿಗೆಯಲ್ಲಿ ಅರ್ಧ ಬೆಲ್ಟ್ ಆಗುವಷ್ಟರಲ್ಲಿ ಉಳಿದರ್ಧ ಒಣಗಿರುತ್ತದೆ. ಅದನ್ನು ತಡೆಯಲು ನೀರಿಗೆ ಏನು ಬೆರೆಸುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಹೀಗೆ ನಲವತ್ತರ ಮೇಲೆ ಬೆಲ್ಟ್ ಮಾಡಿದೆ, ಒಂದೂ ವಾಪಸ್ ಬಂದಿಲ್ಲ. 650ಕ್ಕೆ ಹೋಗುತ್ತಿದ್ದದ್ದು ಈಗ 900. ಎರಡು ಅಚ್ಚು ಒಂದಾದ ಮೇಲೊಂದು ಬರಬೇಕಾದರೆ ಗೆರೆಗೆ ಕೆಂಪು, ನೀಲಿ ಬಣ್ಣ ಹಾಕಿಕೊಳ್ಳಿ, ಕೈ ತಪ್ಪುವುದಿಲ್ಲ.

ಕಾರಹುಣ್ಣಿಮೆಗೆ ಎತ್ತಿನ ಕೊರಳಪಟ್ಟಿಯಲ್ಲೂ ನೋಡಿದೆ. ಅದು ಬಾಗಿದ ಪಟ್ಟಿ, ಚಪ್ಪಟೆ ಎಲಾಸ್ಟಿಕ್ ಅಂಚಿನ ಜೊತೆ ತಿರುಗುವುದಿಲ್ಲ. ಗುಂಡನೆಯ ಎಲಾಸ್ಟಿಕ್ ದಾರ ತಿರುಗಿತು, ಆದರೆ ಉರುಳಿ ಗೆರೆಗಳು ಕೆಳಗೆ ಹೋದವು. ಈಗ ದಾರದ ಸುತ್ತಲೂ ಉಂಗುರದಂತೆ ಗೆರೆ ಹಾಕಿ ಇಟ್ಟಿದ್ದೇನೆ, ಮುಂದಿನ ಜೋಡಿಗೆ ಅದೇ.