ಸ್ಪಿಟ್‌ಫೈರ್‌ನಿಂದ ಹಾರಲು ಹೋಗಿ ತಪ್ಪು ಪಟ್ಟಿ ಬಿಚ್ಚಿದ್ದು

ಇಂಗ್ಲೆಂಡಿನ ಒಂದು ಸಣ್ಣ ವಿಮಾನ ಮ್ಯೂಸಿಯಂನಲ್ಲಿ ಶನಿವಾರ ನಾನು ಸ್ವಯಂಸೇವಕ. ಅಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 9ರ ಕಾಕ್‌ಪಿಟ್, ಅಂದರೆ ಪೈಲಟ್ ಕೂರುವ ಜಾಗದ ಮಾದರಿ ಇದೆ. ಬಂದವರನ್ನು ಅದರಲ್ಲಿ ಕೂರಿಸುವುದು ನನ್ನ ಕೆಲಸ. ಎಲ್ಲರೂ ಕೇಳುವುದು ಒಂದೇ: ಗುಂಡು ತಗುಲಿದರೆ ಪೈಲಟ್ ಹೊರಗೆ ಬರ್ತಿದ್ದದ್ದು ಹೇಗೆ? "ಪ್ಯಾರಾಶೂಟ್ ಹಾಕ್ಕೊಂಡು ಹಾರ್ತಿದ್ರು" ಅಂತ ಸುಮ್ನೆ ಹೇಳಿಬಿಡ್ತಿದ್ದೆ. ಒಂದು ಸಂಜೆ ಬಾಗಿಲು ಹಾಕಿದ ಮೇಲೆ ನಾನೇ ಮಾಡಿ ನೋಡಿದೆ.

ಕೂರುವುದೇ ಒಂದು ಸಾಹಸ. ಪ್ಯಾರಾಶೂಟ್ ಬೆನ್ನ ಮೇಲಿರಲ್ಲ, ಕುಂಡೆಯ ಕೆಳಗಿರುತ್ತದೆ. ಸೀಟಿನ ಗುಳಿಯಲ್ಲಿ ಆ ಗಂಟು, ಅದರ ಮೇಲೆ ನಾವು. ಮೈಮೇಲೆ ಎರಡು ಬಗೆಯ ಪಟ್ಟಿ. ಒಂದು ನಮ್ಮನ್ನು ಪ್ಯಾರಾಶೂಟ್‌ಗೆ ಕಟ್ಟುತ್ತದೆ, ಇನ್ನೊಂದು ಸೀಟಿಗೆ. ಎರಡರ ಕೊಂಡಿಯೂ ಹೊಟ್ಟೆಯ ಹತ್ತಿರವೇ.

ಹೊರಗೆ ಬರಬೇಕಾದರೆ ಮೊದಲು ಸೀಟು ಕೆಳಗಿಳಿಸಿ ತಲೆ ತಗ್ಗಿಸಬೇಕು. ನೆತ್ತಿಯ ಮೇಲಿರುವ ರಬ್ಬರ್ ಗುಂಡನ್ನು ಮುಂದಕ್ಕೆ, ಕೆಳಕ್ಕೆ ಎಳೆಯಬೇಕು. ಮೊಣಕೈಯಿಂದ ಗಾಜಿನ ಮುಚ್ಚಳದ ಅಂಚು ತಳ್ಳಿದರೆ ಉಳಿದದ್ದನ್ನು ಗಾಳಿಯೇ ನೋಡಿಕೊಳ್ಳುತ್ತದೆ. ಮುಚ್ಚಳ ಕಚ್ಚಿಕೊಂಡರೆ ಎಡಗಡೆಯ ಪುಟ್ಟ ಬಾಗಿಲಲ್ಲಿ ಒಂದು ಹಾರೆ ಸಿಕ್ಕಿಸಿದ್ದಾರೆ. ಯುದ್ಧವಿಮಾನದೊಳಗೆ ಹಾರೆ! ಆಮೇಲೆ ಆಕ್ಸಿಜನ್ ಕೊಳವೆ, ಹೆಲ್ಮೆಟ್‌ನ ರೇಡಿಯೋ ವೈರು ಕಳಚಿ, ಕೊನೆಗೆ ಸೀಟಿನ ಪಟ್ಟಿಯ ಪಿನ್ ಎಳೆಯಬೇಕು.

ಗೆಳೆಯ ವಾಚ್ ನೋಡುತ್ತಾ ನಿಂತಿದ್ದ. ನಾನು ಗ್ಲೌಸ್ ಹಾಕಿದ್ದೆ. ಗಡಿಬಿಡಿಯಲ್ಲಿ ಹೊಟ್ಟೆ ತಡಕಿದೆ. ದುಂಡನೆಯ ಬಿಲ್ಲೆ ಸಿಕ್ಕಿತು. ತಿರುಗಿಸಿ ಗುದ್ದಿದೆ, ಪಟ್ಟಿಗಳು ಕಳಚಿಬಿದ್ದವು. ಏಳಲು ಹೋದೆ, ಆಗಲಿಲ್ಲ. ನಾನು ಬಿಚ್ಚಿದ್ದು ಪ್ಯಾರಾಶೂಟ್‌ನದು! ಸೀಟಿನ ಪಟ್ಟಿ ಬಿಗಿಯಾಗೇ ಇತ್ತು. ಗೆಳೆಯ ನಕ್ಕ, ನನಗೆ ನಗು ಬರಲಿಲ್ಲ. ಎರಡನೇ ಸಲ ಪಿನ್ ಸರಿಯಾಗಿ ಎಳೆದೆ, ರೇಡಿಯೋ ವೈರು ಮರೆತೆ. ಬಸ್ ರಶ್ಶಲ್ಲಿ ಇಳಿಯುವಾಗ ಬ್ಯಾಗ್ ಒಳಗೇ ಸಿಕ್ಕಿಕೊಳ್ಳುತ್ತಲ್ವಾ, ಹಾಗೆ ತಲೆ ಹಿಂದಕ್ಕೆ ಜಗ್ಗಿತು.

ನಾನಿದ್ದದ್ದು ನೆಲದ ಮೇಲೆ. ಆ ಪೈಲಟ್‌ಗಳ ಮೊಣಕಾಲ ಮುಂದೆ 85 ಗ್ಯಾಲನ್ ಪೆಟ್ರೋಲಿನ ಟ್ಯಾಂಕ್ ಇತ್ತು. ಅದಕ್ಕೆ ಬೆಂಕಿ ಹತ್ತಿದರೆ ಉರಿ ನೇರ ಮುಖಕ್ಕೆ. 1940ರಲ್ಲಿ ಸುಟ್ಟ ಕೈ, ಮುಖ ಹೊತ್ತು ಬಂದ ಪೈಲಟ್‌ಗಳಿಗೆ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಡಾಕ್ಟರ್ ಮೆಕಿಂಡೋ ಹೊಸ ಚರ್ಮ ಕೂರಿಸುತ್ತಿದ್ದರು. ಗ್ಲೌಸ್ ಇದ್ದರೆ ಪಿನ್ ಸಿಗಲ್ಲ, ಇಲ್ಲದಿದ್ದರೆ ಕೈ ಉಳಿಯಲ್ಲ.

ವಿಮಾನ ಇನ್ನೂ ಮಾತು ಕೇಳುತ್ತಿದ್ದರೆ ಒಂದು ಉಪಾಯ ಇತ್ತು. ಅದನ್ನು ತಲೆಕೆಳಗು ಮಾಡಿ, ಪಿನ್ ಎಳೆದು, ವಿಮಾನ ನಡೆಸುವ ಸ್ಟಿಕ್ ಮುಂದಕ್ಕೆ ತಳ್ಳಿದರೆ ವಿಮಾನವೇ ಪೈಲಟ್‌ನನ್ನು ಹೊರಗೆ ಒಗೆಯುತ್ತಿತ್ತು. ಇಲ್ಲದಿದ್ದರೆ ಪಕ್ಕದಿಂದ ರೆಕ್ಕೆಯ ಹಿಂಬದಿಗೆ ಧುಮುಕಬೇಕು, ಬಾಲ ಬಡಿಯಬಾರದು.

ಕಳೆದ ತಿಂಗಳು ಮಡಿಕೇರಿ ಕಡೆಯ ಹಿರಿಯರೊಬ್ಬರು ಬಂದಿದ್ದರು. "ನಮ್ಮ ವಾಯುಪಡೆಯ ಪೈಲಟ್ ನಂದಾ ಕಾರ್ಯಪ್ಪನವರೂ ಹೀಗೇ ಹೊರಗೆ ಬಂದದ್ದಾ?" ಅಂದರು. ಇಲ್ಲ ಸಾರ್, 1965ರ ಯುದ್ಧದಲ್ಲಿ ಅವರ ಹಂಟರ್ ಜೆಟ್ ವಿಮಾನಕ್ಕೆ ಪೆಟ್ಟು ಬಿದ್ದಾಗ ಸೀಟೇ ಅವರನ್ನು ಹೊರಗೆ ಚಿಮ್ಮಿಸಿತು, ಬೆನ್ನುಮೂಳೆಗೆ ಪೆಟ್ಟಾಯಿತು, ಪಾಕಿಸ್ತಾನದಲ್ಲಿ ಸೆರೆಯಾದರು ಅಂದೆ. ಆಮೇಲೆ ಅವರನ್ನೇ ಕೂರಿಸಿ ಪಟ್ಟಿ ಕಟ್ಟಿದೆ. "ಕಣ್ಣು ಮುಚ್ಚಿ ಸೀಟಿನ ಪಿನ್ ಹುಡುಕಿ ಸಾರ್." ಅವರ ಕೈ ನೇರ ಆ ದುಂಡನೆಯ ಬಿಲ್ಲೆಗೇ ಹೋಯಿತು.